ಹೃದಯದ ಗೋಡೆಗೊಂದು ಪಾಟೀಸವಾಲು

ಕಳೆದ ಮಳೆಗಾಲದ ಕೊನೆಯಲ್ಲಿ ನಿವೃತ್ತ ಮಾಸ್ಟ್ರೊಬ್ಬರು ಪಾಲುಪಟ್ಟಿಯ ಕಾಗದಗಳೊಡನೆ ನನ್ನ ಕಚೇರಿಗೆ ಬಂದಿದ್ದರು. ಕನ್ನಡ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಮೆಟ್ಟಿಲೇರಿ ಬಂದವರೇ ಎದೆಯ ಮೇಲೆ ಕೈಯಿಟ್ಟು ತುಸು ಹೊತ್ತು ಸುಮ್ಮನಾದರು. “ತೋಟದ ಗುಡ್ಡ ಹತ್ತುವಾಗಲೂ ಹೀಗೇ ಎದೆ ಬಿಗಿಯುತ್ತದೆ, ನಿಂತರೆ ಸರಿಯಾಗುತ್ತದೆ. ಎಕೋ ಮಾಡಿಸಿದ್ದೇನೆ ಮಾರಾಯ, ಏನೂ ಇಲ್ಲ” ಎಂದರು.

ಕಡತದಲ್ಲಿದ್ದ ವರದಿಯನ್ನು ನೋಡಿದೆ. ‘ನೋ ರೀಜನಲ್ ವಾಲ್ ಮೋಷನ್ ಅಬ್ನಾರ್ಮಾಲಿಟಿ ಅಟ್ ರೆಸ್ಟ್’ ಎಂದಿತ್ತು. ಹೃದಯದ ಗೋಡೆಯ ಯಾವ ಭಾಗದ ಚಲನೆಯಲ್ಲೂ ದೋಷವಿಲ್ಲ, ವಿಶ್ರಾಂತಿಯಲ್ಲಿರುವಾಗ ಎಂದರ್ಥ. ಮಾಸ್ಟ್ರು ಮೊದಲ ಪದವನ್ನು ಹಿಡಿದು ಕೊನೆಯ ಎರಡು ಪದಗಳನ್ನು ಬಿಟ್ಟಿದ್ದರು. ವಿಮಾ ಮೊಕದ್ದಮೆಯೊಂದಕ್ಕಾಗಿ ಈ ವಿಷಯವನ್ನು ಓದಿಕೊಂಡಿದ್ದುದರಿಂದ ಅವು ನನ್ನ ಕಣ್ಣಿಗೆ ಬಿದ್ದವು.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕೊರೊನರಿ ಧಮನಿಯನ್ನು ಕಟ್ಟಿದರೆ, ಆ ಭಾಗದ ಸ್ನಾಯು ಬಹುಬೇಗ ಸಂಕೋಚನೆಯನ್ನು ಕಳೆದುಕೊಳ್ಳುತ್ತದೆಂದು ಅಮೆರಿಕದ ಟೆನಂಟ್ ಮತ್ತು ವಿಗ್ಗರ್ಸ್ 1935ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಆ ಚಲನೆಯನ್ನು ದೇಹ ಕೊಯ್ಯದೆ ನೋಡುವ ದಾರಿ ತೆರೆದದ್ದು ಸ್ವೀಡನ್ನಿನ ಲುಂಡ್ ನಗರದಲ್ಲಿ. ವೈದ್ಯ ಇಂಗೆ ಎಡ್ಲರ್ ಹಾಗೂ ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಶ್ರವಣಾತೀತ ಧ್ವನಿಯ ಯಂತ್ರದಿಂದ ಆರಂಭಿಸಿ, 1953ರ ಅಕ್ಟೋಬರಿನಲ್ಲಿ ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು. ಇಂದಿನ ಎಕೋ ಅದರದೇ ಸಂತತಿ, ಅದರಲ್ಲಿ ವಿಕಿರಣವಿಲ್ಲ.

ಆದರೆ ಧಮನಿ ಕಿರಿದಾಗಿದ್ದರೂ ವಿಶ್ರಾಂತಿಯಲ್ಲಿ ಹೃದಯಕ್ಕೆ ಬೇಕಾದಷ್ಟು ರಕ್ತ ಸಿಗಬಹುದು. ಗೋಡೆ ಸರಿಯಾಗಿಯೇ ಚಲಿಸಬಹುದು. ಶ್ರಮವಾದಾಗ ಕೊರತೆ ಬಯಲಾಗುತ್ತದೆ. ಮುಖ್ಯ ವಿಚಾರಣೆಯಲ್ಲಿ ನಿರರ್ಗಳವಾಗಿ ನುಡಿದ ಸಾಕ್ಷಿ ಪಾಟೀಸವಾಲಿನಲ್ಲಿ ತಡವರಿಸುವುದನ್ನು ನಾನು ದಿನವೂ ಕಾಣುತ್ತೇನೆ. ಸ್ಟ್ರೆಸ್ ಎಕೋ ಎಂಬುದು ಅಂಥ ಪಾಟೀಸವಾಲು. ಟ್ರೆಡ್‌ಮಿಲ್ ಮೇಲೆ ನಡೆಸಿ, ನಡೆಯಲಾಗದವರಿಗೆ ಡೊಬ್ಯುಟಮಿನ್ ಔಷಧಿ ಕೊಟ್ಟು, ಹೃದಯದ ಬಡಿತವನ್ನು ಏರಿಸುತ್ತಾರೆ. 220ರಿಂದ ವಯಸ್ಸನ್ನು ಕಳೆದು, ಉಳಿದುದರ ಶೇಕಡಾ 85 ಸಾಮಾನ್ಯ ಗುರಿ. ಅರುವತ್ತರವರಿಗೆ ನಿಮಿಷಕ್ಕೆ 136. ಮೊದಲಿನ ಚಿತ್ರಗಳನ್ನೂ ಶ್ರಮದ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು, ಗೋಡೆಯ ಯಾವ ಭಾಗ ದಪ್ಪವಾಗದೆ ಹಿಂದುಳಿಯಿತೆಂದು ವೈದ್ಯರು ನೋಡುತ್ತಾರೆ. ಈ ಸಾಕ್ಷಿಯೂ ತಪ್ಪಬಹುದು. ಸ್ಥೂಲದೇಹಿಗಳಲ್ಲಿ, ಶ್ವಾಸಕೋಶದ ರೋಗಿಗಳಲ್ಲಿ ಚಿತ್ರ ಮಸುಕಾಗುವುದುಂಟು.

“ಮಾಸ್ಟ್ರೇ, ಪಾಲುಪಟ್ಟಿ ಕಾಯುತ್ತದೆ, ನೀವು ಮೊದಲು ಹೃದ್ರೋಗ ತಜ್ಞರಲ್ಲಿಗೆ ಹೋಗಿ” ಎಂದೆ. ಹೋದರು. ಶ್ರಮದ ಬಳಿಕ ಮುಂಭಾಗದ ಗೋಡೆ ಹಿಂದುಳಿಯಿತು; ಆಂಜಿಯೋಗ್ರಾಮ್‌ನಲ್ಲಿ ಅಡಚಣೆ ಕಂಡಿತು; ಸ್ಟೆಂಟ್ ಹಾಕಿದರು. ಈಗ ಗುಡ್ಡವನ್ನು ನಿಧಾನವಾಗಿ ಹತ್ತುತ್ತಾರೆ.

ಓದುಗರಲ್ಲಿ ಎರಡು ಅರಿಕೆ. ಸುಮ್ಮನಿರುವಾಗಲೇ ಎದೆನೋವು ಬಂದು ಬೆವರಿದರೆ ಇಂಥ ಪರೀಕ್ಷೆಗೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನು, ಚಿಕಿತ್ಸೆಯ ದಾಖಲೆ ರೋಗಿಯ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಿಯಮಾವಳಿ ಹೇಳುತ್ತದೆ. ಪಡೆದ ವರದಿಯ ಭಾಷೆ ನಮ್ಮದಲ್ಲವೆಂದು ಸಂಕೋಚಪಡದೆ, ಅರ್ಥವನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ವಾಕ್ಯವನ್ನು ಪೂರ್ಣವಿರಾಮದವರೆಗೆ ಓದಬೇಕೆಂದು ನನಗೆ ಕಲಿಸಿದವರು ಆ ಮಾಸ್ಟ್ರೇ.