ಕಾಲು ನೆಲಕ್ಕೆ ತಾಗಿತೆಂದು ಗಾಡಿ ಮೂಲೆ ಸೇರಬೇಕೆ?



ಮಕ್ಕಳು ಪರೀಕ್ಷೆಯಲ್ಲಿ ಫೇಲಾಗಿ ಬಂದರೆ ನಾವೇನು ಮಾಡುತ್ತೇವೆ? ಒಂದು ದಿನ ಬೈದು, ಮರುದಿನ ಕಣ್ಣೊರೆಸಿ, "ಹೋಗ್ಲಿ ಬಿಡು, ಇನ್ನೊಂದ್ಸಲ ಬರಿ" ಎನ್ನುತ್ತೇವೆ. ಅದೇ ನಾವು ಡ್ರೈವಿಂಗ್ ಟೆಸ್ಟಿನಲ್ಲಿ ಒಮ್ಮೆ ಫೇಲಾದೆವು ಅನ್ನಿ, ಗಾಡಿಗೆ ಹಳೇ ದುಪ್ಪಟಿ ಹೊದಿಸಿ ಮೂಲೆಗೆ ನಿಲ್ಲಿಸಿಬಿಡುತ್ತೇವೆ. "ನಿನಗ್ಯಾಕೆ ಬೇಕಿತ್ತು ಇದು" ಅಂತ ಯಜಮಾನರು ಒಂದು ಮಾತು ಅಂದರೆ ಸಾಕು, "ನಾನು ಆವತ್ತೇ ಹೇಳಿದ್ದೆ" ಅಂತ ಅತ್ತೆಯವರೂ ಸೇರಿಸುತ್ತಾರೆ. ಅಲ್ಲಿಗೆ ಕಲಿತ ವಿದ್ಯೆ ಮುಗಿಯಿತು.

ಹಾಗೆ ಮುಗಿಯಬೇಕಾಗಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಂಥ ಊರುಗಳಲ್ಲಿರುವ ನಮಗೆ ಗಾಡಿ ಷೋಕಿಯ ವಸ್ತುವಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು, ಬಹಳ ಒಳ್ಳೆಯದಾಯಿತು. ಆದರೆ ಬಸ್ಸು ಬರುವ ಹೊತ್ತಿಗೆ ನಾವು ಹೋಗಬೇಕೇ ಹೊರತು, ನಮಗೆ ಬೇಕಾದ ಹೊತ್ತಿಗೆ ಅದು ಬಾಗಿಲಿಗೆ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಏರಿದರೆ ಯಾರನ್ನು ಕೂಗುವುದು? ಆಟೋದವನನ್ನೇ? ಪಕ್ಕದ ಮನೆಯ ಹುಡುಗನನ್ನೇ? ಇಂಥ ಹೊತ್ತಿಗೇ ನಾವು ಗಾಡಿ ಕಲಿತಿದ್ದು.

ಮೊದಲು ಕಾನೂನು ಏನೆನ್ನುತ್ತದೆ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 9ನೇ ಕಲಮಿನ ಪ್ರಕಾರ, ಫೇಲಾದವರು 7 ದಿನ ಕಳೆದ ಮೇಲೆ ಮತ್ತೆ ಟೆಸ್ಟಿಗೆ ಹೋಗಬಹುದು. ಮೂರು ಸಲವೂ ಆಗದಿದ್ದರೆ ಮಾತ್ರ 60 ದಿನ ಕಾಯಬೇಕು. ಎಲ್‌.ಎಲ್‌.ಆರ್‌. ಎಂದು ನಾವು ಕರೆಯುವ ಕಲಿಕಾ ಲೈಸೆನ್ಸಿಗೆ 6 ತಿಂಗಳ ಆಯಸ್ಸು. ನಿಮ್ಮದರ ತಾರೀಖು ಈಗಲೇ ತೆಗೆದು ನೋಡಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಬೇಸರದಲ್ಲಿ ನಾಲ್ಕು ತಿಂಗಳು ಕೂತರೆ ಅದೂ ಮುಗಿದು, ಮೊದಲಿಂದ ಶುರುಮಾಡಬೇಕಾಗುತ್ತದೆ.

ಇನ್ನು ತಯಾರಿ. ಫೇಲಾದೆ ಎಂದು ಅಳುವ ಮೊದಲು ಯಾವುದರಲ್ಲಿ ಫೇಲಾದೆ ಎಂದು ತಿಳಿದುಕೊಳ್ಳಿ. ಬ್ರೇಕ್ ಇನ್‌ಸ್ಪೆಕ್ಟರನ್ನು "ಸಾರ್, ನಾನು ಎಲ್ಲಿ ತಪ್ಪಿದೆ?" ಎಂದು ವಿನಯವಾಗಿ ಕೇಳಿ. ಕೇಳುವುದರಲ್ಲಿ ಅವಮಾನವೇನಿಲ್ಲ. ಸಾರು ಕೆಟ್ಟರೆ ಉಪ್ಪು ಹೆಚ್ಚಾಯಿತೋ ಹುಳಿ ಹೆಚ್ಚಾಯಿತೋ ರುಚಿ ನೋಡುತ್ತೇವಲ್ಲ, ಇದೂ ಹಾಗೇ. ತಪ್ಪಿದ್ದು ಒಂದೇ ಕಡೆಯಾದರೆ ಅದೊಂದನ್ನೇ ತಿದ್ದಿದರಾಯಿತು.

ಸ್ಕೂಟರಿನವರು ಹೆಚ್ಚಾಗಿ ಸೋಲುವುದು ಎಂಟು ಹಾಕುವಾಗ. ತಿರುವಿನಲ್ಲಿ ಗಾಡಿ ವಾಲುತ್ತದೆ, ಹೆದರಿ ಕಾಲು ಕೊಡುತ್ತೇವೆ, ಅಲ್ಲಿಗೆ ಟೆಸ್ಟು ಹೋಯಿತು. ಕಾರಣ ಸಾಮಾನ್ಯವಾಗಿ ಎರಡು. ಒಂದು, ಕಣ್ಣು ಮುಂದಿನ ಚಕ್ರದ ಮೇಲಿರುತ್ತದೆ. ಕಣ್ಣು ಎಲ್ಲಿಗೆ ಹೋಗುತ್ತದೋ ಗಾಡಿಯೂ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಚಕ್ರವನ್ನು ಬಿಟ್ಟು, ಮುಂದೆ ತಿರುಗಬೇಕಾದ ಜಾಗವನ್ನು ನೋಡಿ. ಎರಡು, ತಿರುವಿನ ನಡುವೆ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟುಬಿಡುತ್ತೇವೆ. ವೇಗ ಸತ್ತ ಗಾಡಿ ಬೀಳದೆ ಇನ್ನೇನು ಮಾಡೀತು? ಒಲೆಯನ್ನು ಸಣ್ಣ ಉರಿಯಲ್ಲಿ ಇಡುವ ಹಾಗೆ ಆಕ್ಸಿಲರೇಟರನ್ನು ಸಣ್ಣಗೆ, ಒಂದೇ ಸಮ ಹಿಡಿದಿರಿ. ವೇಗ ಹೆಚ್ಚಾಯಿತು ಅನ್ನಿಸಿದರೆ ಎಡಗೈಯ ಬ್ರೇಕನ್ನು ಹಗುರವಾಗಿ ಒತ್ತಿ. ಹ್ಯಾಂಡಲ್ ತಿರುಗಿರುವಾಗ ಬಲಗೈಯ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬೇಡಿ, ಗಾಡಿ ಮಗುಚುವುದು ಆಗಲೇ.

ಅಭ್ಯಾಸಕ್ಕೆ ಹೆಚ್ಚು ಖರ್ಚಿಲ್ಲ. ನಮ್ಮ ಊರುಗಳ ಸುತ್ತ ಮನೆ ಏಳದ ಲೇಔಟುಗಳು ಬೇಕಾದಷ್ಟಿವೆ. ಬೆಳಗಿನ ತಿಂಡಿಗೆ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ದೊಡ್ಡದೊಂದು ಎಂಟು ಬರೆಯಿರಿ, ಅಂಚಿಗೆ ತೆಂಗಿನ ಚಿಪ್ಪು ಬೋರಲು ಹಾಕಿ. ಮೊದಲ ಎರಡು ದಿನ ಅಗಲವಾದ ಎಂಟು, ಆಮೇಲೆ ದಿನಾ ಸ್ವಲ್ಪ ಕಿರಿದು. ಚಿಪ್ಪು ಮುಟ್ಟದೆ, ಕಾಲು ಕೊಡದೆ ಹತ್ತು ಸುತ್ತು ಬಂದರೆ ಟೆಸ್ಟಿನ ಎಂಟು ನಿಮಗೆ ಸಲೀಸು. ಆದರೆ ಕೆಂಪು "ಎಲ್" ಅಕ್ಷರದ ಬಿಳಿ ಹಲಗೆ ಗಾಡಿಯ ಹಿಂದೆ ಮುಂದೆ ಇರಲಿ, ಲೈಸೆನ್ಸ್ ಇರುವವರು ಜೊತೆಗಿರಲಿ. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. "ಸ್ಕೂಲು ಇಲ್ಲೇ ಅಲ್ವಾ" ಎಂದು ಮಕ್ಕಳನ್ನು ಕೂರಿಸಿಕೊಂಡು ಹೊರಟುಬಿಡಬೇಡಿ.

ಕಾರು ಕಲಿಯುವವರಿಗೆ ತೊಂದರೆ ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ ಟೆಸ್ಟಿನಲ್ಲಿ ಏನೇನು ನೋಡುತ್ತಾರೆ ಎಂಬ ಪಟ್ಟಿಯೇ ಇದೆ: ಕನ್ನಡಿ ಸರಿಪಡಿಸಿಕೊಳ್ಳುವುದು, ತಿರುಗುವ ಮೊದಲು ಸಿಗ್ನಲ್ ಕೊಡುವುದು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು, ಇಕ್ಕಟ್ಟಾದ ಜಾಗಕ್ಕೆ ರಿವರ್ಸಿನಲ್ಲಿ ನುಗ್ಗಿಸುವುದು, ಜಗ್ಗದಂತೆ ಮೆಲ್ಲಗೆ ನಿಲ್ಲಿಸುವುದು. ಏರಿನ ಪಾಠಕ್ಕೆ ಇಷ್ಟು ನೆನಪಿಡಿ: ಹ್ಯಾಂಡ್ ಬ್ರೇಕ್ ಎಳೆಯಿರಿ, ಮೊದಲನೇ ಗೇರು ಹಾಕಿ, ಕ್ಲಚ್ಚನ್ನು ಕಾರಿನ ಮೂಗು ತುಸು ಎದ್ದ ಹಾಗೆ ಅನ್ನಿಸುವವರೆಗೆ ಮಾತ್ರ ಬಿಡಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ, ಕೊನೆಗೆ ಹ್ಯಾಂಡ್ ಬ್ರೇಕ್ ಇಳಿಸಿ. ರಿವರ್ಸಿಗೆ ಅವಸರವೇ ಶತ್ರು. ನಡೆಯುವ ವೇಗಕ್ಕಿಂತ ನಿಧಾನವಾಗಿ ಹೋದರೆ ತಪ್ಪಿದ್ದನ್ನು ತಿದ್ದಲು ಸಮಯ ಸಿಗುತ್ತದೆ.

ಈಗ ಒಂದು ಮುಖ್ಯವಾದ ಮಾತು. ಫೇಲಾದವರ ಹತ್ತಿರ ಯಾರಾದರೂ ಬಂದು, "ಅಕ್ಕಾ, ಇಷ್ಟು ಕೊಡಿ, ಟೆಸ್ಟಿನ ಚಿಂತೆ ನಮಗೆ ಬಿಡಿ" ಎನ್ನುವುದುಂಟು. ಮನಸ್ಸು ಜಾರುತ್ತದೆ, ಒಪ್ಪುತ್ತೇನೆ. ಆದರೆ ಯೋಚಿಸಿ. ದುಡ್ಡು ಕೊಟ್ಟು ಕಾರ್ಡು ತಂದುಕೊಳ್ಳಬಹುದು, ಕೈಗೆ ಹತೋಟಿ ತಂದುಕೊಳ್ಳಲಾದೀತೇ? ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ದಾರಿಯಲ್ಲಿ ಲಾರಿಗಳು ಹೇಗೆ ಹೋಗುತ್ತವೆಂದು ನಿಮಗೇ ಗೊತ್ತು. ನೆಲಮಂಗಲದಲ್ಲಿ ತುಮಕೂರು ರಸ್ತೆಯೂ ಮಂಗಳೂರು ರಸ್ತೆಯೂ ಕವಲೊಡೆಯುವ ಕಡೆ ಗಂಡಸರೇ ತಡಬಡಿಸುತ್ತಾರೆ. ಟೆಸ್ಟಿನಲ್ಲಿ ಕಾಲು ಕೊಟ್ಟರೆ ಹೋಗುವುದು ಒಂದು ದಿನ ಮತ್ತು ಮರುಪರೀಕ್ಷೆಯ ಶುಲ್ಕ. ಹೆದ್ದಾರಿಯಲ್ಲಿ ಹಿಂದೆ ಮಗು ಕೂತಿರುವಾಗ ಗಾಡಿ ವಾಲಿದರೆ? ಅಲ್ಲಿ ಏಳು ದಿನ ಬಿಟ್ಟು ಬನ್ನಿ ಎನ್ನುವವರಿಲ್ಲ. ಇನ್‌ಸ್ಪೆಕ್ಟರು ಫೇಲು ಮಾಡಿದರೆಂದು ಶಪಿಸಬೇಡಿ. ನಿಜವಾಗಿ ತಪ್ಪಿದ್ದರೆ ಅವರು ಕಾದದ್ದು ನಿಮ್ಮ ಮಗುವನ್ನೇ.

ಟೆಸ್ಟಿನ ದಿನಕ್ಕೆ ಒಂದಿಷ್ಟು ಕಿವಿಮಾತು. ಹಿಂದಿನ ರಾತ್ರಿಯೇ ಎಲ್‌.ಎಲ್‌.ಆರ್‌., ಗಾಡಿಯ ಆರ್‌.ಸಿ., ಇನ್ಶೂರೆನ್ಸು, ಹೊಗೆ ತಪಾಸಣೆಯ ಚೀಟಿ, ಸಾರಥಿ ತಾಣದಲ್ಲಿ ದಿನ ಗೊತ್ತುಮಾಡಿಕೊಂಡ ಕಾಗದ ಎಲ್ಲವನ್ನೂ ಒಂದೇ ಚೀಲದಲ್ಲಿಡಿ. ದೇವನಹಳ್ಳಿಯ ಕೆಎ 43 ಇರಲಿ, ನೆಲಮಂಗಲದ ಕೆಎ 52 ಇರಲಿ, ಸಾಧ್ಯವಾದರೆ ಮೊದಲೇ ಒಮ್ಮೆ ಹೋಗಿ ಬೇರೆಯವರು ಟೆಸ್ಟು ಕೊಡುವುದನ್ನು ನೋಡಿ ಬನ್ನಿ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಅಭ್ಯಾಸ ಮಾಡಿದ ಗಾಡಿಯನ್ನೇ ಒಯ್ಯಿರಿ, ಟೈರಿನ ಗಾಳಿ ನೋಡಿಸಿ. ಸೀರೆಯುಟ್ಟರೆ ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಚೂಡಿದಾರವಾದರೆ ವೇಲನ್ನು ಗಂಟು ಹಾಕಿ. ಚಕ್ರಕ್ಕೆ ಸಿಕ್ಕಿದ ಬಟ್ಟೆ ಪ್ರಾಣಕ್ಕೇ ಬರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಮೆಟ್ಟಿ. ಐ.ಎಸ್‌.ಐ. ಗುರುತಿನ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳಿ. ಉಪವಾಸ ಹೋಗಬೇಡಿ, ಎರಡು ಇಡ್ಲಿಯಾದರೂ ತಿಂದು ಹೋಗಿ. ತಿರುಗುವ ಮೊದಲು ಇಂಡಿಕೇಟರ್ ಹಾಕಿ, ತಿರುಗಿದ ಮೇಲೆ ಆರಿಸುವುದನ್ನು ಮರೆಯಬೇಡಿ.

ಇನ್ನೊಂದು ವಿಷಯ ಗಮನದಲ್ಲಿರಲಿ. ಗೇರಿಲ್ಲದ ಸ್ಕೂಟರಿನಲ್ಲಿ ಟೆಸ್ಟು ಕೊಟ್ಟರೆ ಸಿಗುವುದು ಗೇರಿಲ್ಲದ ಗಾಡಿಯ ಲೈಸೆನ್ಸು ಮಾತ್ರ. ಯಜಮಾನರ ಬೈಕಿಗೆ ಅದು ನಡೆಯುವುದಿಲ್ಲ.

ಮನೆಯವರಿಗೂ ಒಂದು ಮಾತು ಮುಟ್ಟಿಸಿ. ಕಲಿಸುವಾಗ ಕೂಗಾಡಬೇಡಿ ಎಂದು ಹೇಳಿ. ಹಿಂದೆ ಕೂತವರು "ಬ್ರೇಕು, ಬ್ರೇಕು" ಎಂದು ಕಿರುಚಿದರೆ ಎಂಥವರ ಕೈಯೂ ನಡುಗುತ್ತದೆ. ಯಜಮಾನರಿಗೆ ತಾಳ್ಮೆ ಇಲ್ಲವೆಂದಾದರೆ ತಮ್ಮನನ್ನೋ ಓರಗಿತ್ತಿಯನ್ನೋ ಲೈಸೆನ್ಸ್ ಇರುವ ಗೆಳತಿಯನ್ನೋ ಕರೆಯಿರಿ, ಇಲ್ಲವೇ ಡ್ರೈವಿಂಗ್ ಸ್ಕೂಲಿನಲ್ಲಿ ಇನ್ನು ನಾಲ್ಕು ದಿನ ಕಲಿಯಿರಿ. ಆ ದುಡ್ಡು ದಂಡವಲ್ಲ.

ಲೈಸೆನ್ಸು ಕೈಗೆ ಬಂದ ಮೇಲೂ ಮೊದಲ ತಿಂಗಳು ಹೆದ್ದಾರಿಗೆ ಇಳಿಯಬೇಡಿ. ತರಕಾರಿ ಅಂಗಡಿ, ಸ್ಕೂಲು, ದೇವಸ್ಥಾನ, ಇಷ್ಟು ಸಾಕು. ಕೈ ಪಳಗಲಿ. ನಾಲ್ಕು ವರ್ಷ ದಾಟಿದ ಮಗು ಹಿಂದೆ ಕೂತರೆ ಅದಕ್ಕೂ ಹೆಲ್ಮೆಟ್ ಬೇಕೇ ಬೇಕು. ಅದಕ್ಕಿಂತ ಚಿಕ್ಕ ಮಗುವಿಗೆ ಹೆಲ್ಮೆಟ್ಟಿನ ಜೊತೆಗೆ ನಿಮಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿಯೂ ಇರಬೇಕು, ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದೆಂದು 2022ರಲ್ಲಿ ನಿಯಮವಾಗಿದೆ.

ನಾಳೆ ಬೆಳಿಗ್ಗೆಯೇ ಆ ದುಪ್ಪಟಿ ತೆಗೆದು ಗಾಡಿ ಒರೆಸಿ. ರಂಗೋಲಿ ಡಬ್ಬಿ ಹೇಗೂ ಕೈಗೆಟುಕುವಲ್ಲೇ ಇದೆ. ಪಾಸಾದವರು ನಮಗೊಂದು ಕಾರ್ಡು ಬರೆಯುವುದನ್ನು ಮರೆಯಬೇಡಿ, ಆಯಿತೇ?