ಎಲ್ಲದರ ಮೇಲೂ 1780

ಮಕ್ಕಳೇ, ನಾಣ್ಯದ ವಯಸ್ಸು ತಿಳಿಯಲು ಅದರ ಮೇಲಿನ ಇಸವಿ ನೋಡಿದರೆ ಸಾಕು ಅಂದುಕೊಂಡಿದ್ದೀರಾ? ಹಾಗಾದರೆ ಇವತ್ತು ಒಂದು ವಿಚಿತ್ರ ಬೆಳ್ಳಿ ನಾಣ್ಯದ ವಿಷಯ ಹೇಳುತ್ತೇನೆ. ಅದು ಹೋದ ವರ್ಷ ಟಂಕಸಾಲೆಯಿಂದ ಹೊರಬಂದಿದ್ದರೂ ಅದರ ಮೇಲೆ 1780 ಎಂದೇ ಇರುತ್ತದೆ.

ಅದರ ಹೆಸರು ಮರಿಯಾ ತೆರೇಸಾ ಥಾಲರ್. ಮರಿಯಾ ತೆರೇಸಾ ಆಸ್ಟ್ರಿಯಾ ದೇಶವನ್ನಾಳಿದ ರಾಣಿ, ಹದಿನಾರು ಮಕ್ಕಳ ತಾಯಿ. ತೀರಿಕೊಂಡಿದ್ದು 1780ರಲ್ಲಿ. ಆಸ್ಟ್ರಿಯಾದ ರಾಣಿಗೂ ಅರಬ್ಬರಿಗೂ ಎಲ್ಲಿಯ ನಂಟು ಅಂತೀರಾ? ನಂಟು ಬೆಳೆಸಿದ್ದು ಕಾಫಿ. ಯೆಮೆನ್ ದೇಶದ ಮೋಖಾ ಬಂದರಿನಲ್ಲಿ ಕಾಫಿ ಕೊಳ್ಳಲು ಯುರೋಪಿನ ವರ್ತಕರು ಬೆಳ್ಳಿಯನ್ನೇ ಎಣಿಸಿ ಕೊಡಬೇಕಿತ್ತು. (ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕಥೆ ಕೇಳಿದ್ದೀರಲ್ಲ, ಅದೇ ಯೆಮೆನ್.) ಅರಬ್ ಪೇಟೆಗಳಲ್ಲಿ ಈ ರಾಣಿಯ ಮುಖ ಎಷ್ಟು ನಂಬಿಕೆ ಗಳಿಸಿತೆಂದರೆ, ಬೇರೆ ಮುಖದ ನಾಣ್ಯ ಕೊಟ್ಟರೆ ಜನ ಮೂಗು ಮುರಿಯುತ್ತಿದ್ದರು. ಹೀಗಾಗಿ ರಾಣಿ ಹೋದ ಮೇಲೂ ಅದೇ ಮುಖ, ಅದೇ ಇಸವಿ ಇಟ್ಟು ಅಚ್ಚು ಹಾಕುತ್ತಲೇ ಬಂದರು. ವಿಯೆನ್ನಾ ಮಾತ್ರವಲ್ಲ, ಇಪ್ಪತ್ತನೆಯ ಶತಮಾನದಲ್ಲಿ ರೋಮ್, ಲಂಡನ್, ಪ್ಯಾರಿಸ್‌ಗಳಲ್ಲೂ ಹಾಕಿದರು. 1940-41ರಲ್ಲಿ ನಮ್ಮ ಬೊಂಬಾಯಿ ಟಂಕಸಾಲೆಯಲ್ಲೂ ಹಾಕಿದರು! ಎಲ್ಲದರ ಮೇಲೂ 1780.

ಈಗ ನಮ್ಮ ಬೀದಿಯ ಒಬ್ಬ ಅಜ್ಜಿಯ ವಿಷಯ. ಅವರ ಮಾವನವರು ಏಡನ್ ಬಂದರಿನಲ್ಲಿ ಗುಮಾಸ್ತರಾಗಿದ್ದವರು. ಅವರು ತಂದ ಇಂಥ ಮೂರು ನಾಣ್ಯಗಳು ಕುಂಕುಮದ ಭರಣಿಯ ಪಕ್ಕ, ದೇವರ ಮನೆಯಲ್ಲಿದ್ದವು. ಮೊಮ್ಮಗ ಫೋನಿನಲ್ಲಿ ಚಿತ್ರ ಹಾಕಿದ. ಯಾರೋ ಕರೆ ಮಾಡಿ, "ಇನ್ನೂರನಲವತ್ತು ವರ್ಷ ಹಳೆಯದು, ಮೂರು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ" ಎಂದರಂತೆ. ಹುಡುಗ ಹಣ ಕಳಿಸುವ ಮೊದಲು ನನ್ನ ಬಳಿ ಬಂದಿದ್ದು ಪುಣ್ಯ. "ಕೊಳ್ಳುವವನು ದುಡ್ಡು ಕೊಡಬೇಕೋ, ಮಾರುವವನೋ?" ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. ಹಿರಿಯರೂ ಇದನ್ನು ಗಮನಿಸಬೇಕು. ಹಳೆಯ ನಾಣ್ಯದ ವ್ಯವಹಾರಕ್ಕೆ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಸರಿ, ನಾಣ್ಯಗಳನ್ನೇ ಪರೀಕ್ಷಿಸೋಣ ಎಂದು ಮೂರನ್ನೂ ಮೇಜಿನ ಮೇಲಿಟ್ಟೆವು.

ಮೊದಲು ಭೂತಗನ್ನಡಿ. ರಾಣಿ ಗಂಡನನ್ನು ಕಳೆದುಕೊಂಡವಳು, ತಲೆಗೆ ಮುಸುಕಿದೆ. ಭುಜದ ಮೇಲೊಂದು ಪದಕ, ಅದರ ಸುತ್ತ ಮುತ್ತುಗಳು. ಅವು ಸವೆದಿವೆಯೋ, ಎಣಿಸಲು ಬರುತ್ತವೆಯೋ ಎಂದು ಹಿಂದೆ ವ್ಯಾಪಾರಿಗಳು ನೋಡುತ್ತಿದ್ದರು. ಎದೆಯ ಕೆಳಗೆ ಎಸ್, ಎಫ್ ಎಂಬ ಎರಡು ಅಕ್ಷರ. ಹಿಂಬದಿಯಲ್ಲಿ ಎರಡು ತಲೆಯ ಹದ್ದು; ನಮ್ಮ ಗಂಡಭೇರುಂಡದ ದೂರದ ನೆಂಟನಂತಿದೆ.

ಆಮೇಲೆ ಅಂಚು. ಅನೇಕರು ಇದನ್ನು ನೋಡುವುದೇ ಇಲ್ಲ, ನಾನು ಮಾತ್ರ ಹೆಚ್ಚು ಹೊತ್ತು ನೋಡುವುದು ಅದನ್ನೇ. ಥಾಲರಿನ ಅಂಚಿನ ಸುತ್ತ "ನ್ಯಾಯ ಮತ್ತು ದಯೆ" ಎಂಬ ಅರ್ಥದ ಲ್ಯಾಟಿನ್ ಮಾತು, ನಡುನಡುವೆ ಅಲಂಕಾರ ಇರುತ್ತದೆ. ಅಂಚನ್ನು ಅರದಿಂದ ಉಜ್ಜಿ ಬೆಳ್ಳಿ ಕದ್ದರೆ ಅಕ್ಷರ ಅಳಿಸಿ ಕಳ್ಳತನ ಬಯಲಾಗುತ್ತದೆ. ಕರಗಿಸಿ ಎರಕ ಹೊಯ್ದ ನಕಲಿಯಲ್ಲಿ ಈ ಅಕ್ಷರಗಳು ಮೊಂಡಾಗಿರುತ್ತವೆ. ಎರಡು ಅಚ್ಚು ಸೇರಿದ ಗೆರೆಯೂ ಕೆಲವೊಮ್ಮೆ ಕಾಣುತ್ತದೆ. ನಮ್ಮ ಮೂರನೆಯ ನಾಣ್ಯದಲ್ಲಿ ಹಾಗೇ ಇತ್ತು. ಮೈಮೇಲೆ ಇಡ್ಲಿಯ ಮೈಯಲ್ಲಿರುವಂಥ ಸಣ್ಣ ಸಣ್ಣ ತೂತುಗಳು ಬೇರೆ.

ಮುಂದೆ ತೂಕ. ಸವೆಯದ ಥಾಲರ್ 28 ಗ್ರಾಂ ಮೇಲೆ ಚೂರು ತೂಗಬೇಕು. ನೂರರಲ್ಲಿ ಸುಮಾರು 83 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಎರಡು ನಾಣ್ಯ 28ರ ಆಸುಪಾಸಿನಲ್ಲಿದ್ದವು, ಮೂರನೆಯದು 26.1.

ಕೊನೆಗೆ ನೀರಿನ ಪರೀಕ್ಷೆ. ದೊಡ್ಡವರನ್ನು ಜೊತೆಗಿಟ್ಟುಕೊಂಡು ನೀವೂ ಮಾಡಬಹುದು. ಎರಡು ದಶಮಾಂಶ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಸಣ್ಣ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಂದರೆ ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿ. ಒಳ್ಳೆಯ ಥಾಲರಿಗೆ 10.2ರ ಹತ್ತಿರ ಬರಬೇಕು. ಮೊದಲೆರಡಕ್ಕೆ ಹಾಗೇ ಬಂತು. ಮೂರನೆಯದು 3 ಗ್ರಾಂ ತೋರಿಸಿತು, ಭಾಗಿಸಿದರೆ 8.7. ಅದು ಬೆಳ್ಳಿಯಲ್ಲ.

ಅಜ್ಜಿಗೆ ಹೇಗೆ ಹೇಳುವುದು ಎಂದು ಮೊಮ್ಮಗ ಅಳುಕಿದ. ಹೇಳಿದಾಗ ಅವರು, "ಅಯ್ಯೋ, ಗೊತ್ತಿಲ್ಲದ ಊರಿನಲ್ಲಿ ಮಾವನವರಿಗೆ ಯಾರೋ ಟೋಪಿ ಹಾಕಿದ್ದಾರೆ, ಪಾಪ" ಎಂದು ಆ ನಾಣ್ಯವನ್ನೇ ಮೊದಲು ಕೈಗೆತ್ತಿಕೊಂಡರು.

ಹಾಗಾದರೆ ಉಳಿದೆರಡು 1780ರವೇ? ಅಲ್ಲ ಎಂದೇ ನನ್ನ ಲೆಕ್ಕ. ಕೋಟಿಗಟ್ಟಲೆ ಅಚ್ಚಾದ ನಾಣ್ಯವಿದು. ಸಿಗುವವುಗಳಲ್ಲಿ ಬಹುಪಾಲು ರಾಣಿ ತೀರಿಕೊಂಡ ಎಷ್ಟೋ ಕಾಲದ ಮೇಲಿನವು. ಹಾಗೆಂದು ಅವು ನಕಲಿಯಲ್ಲ, ಬೆಳ್ಳಿ ಬೆಳ್ಳಿಯೇ. ಯಾವ ಟಂಕಸಾಲೆಯದು ಎಂದು ಹೇಳಲು ಹದ್ದಿನ ಗರಿ, ಪದಕದಂಥ ಸಣ್ಣ ವಿವರಗಳನ್ನು ನಾಣ್ಯತಜ್ಞರೇ ನೋಡಬೇಕು. ಕೆಲವು ಥಾಲರುಗಳ ಮೇಲೆ "ಹಿಜಾಜ್" ಎಂಬ ಅರಬ್ಬಿ ಮುದ್ರೆಯಿರುತ್ತದೆ. ಅಲ್ಲಿ ಇನ್ನೂ ಎಚ್ಚರ ಬೇಕು, ನಾಣ್ಯ ಅಸಲಿಯಾಗಿದ್ದು ಮುದ್ರೆ ನಕಲಿ ಇರಬಹುದು.

ಪೂರ್ತಿ ಅರಬ್ಬಿ ಬರಹದ ಸೌದಿ ರಿಯಾಲ್ ಸಿಕ್ಕರೆ ಇಸವಿ ಓದುವುದು ಕಲಿಯಿರಿ. ಅವರ 5 ನಮ್ಮ ಸೊನ್ನೆಯಂತೆ, ಅವರ ಸೊನ್ನೆ ಬರೀ ಚುಕ್ಕೆ. 7 ಬಾಯ್ತೆರೆದ ಆಲಿಕೆಯಂತೆ, 8 ಅದನ್ನೇ ಮಗುಚಿದಂತೆ. ಇಸವಿ ಹಿಜರಿಯದು, 1354 ಎಂದರೆ ನಮ್ಮ 1935. ಆ ವರ್ಷದ ರಿಯಾಲನ್ನು ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಯಷ್ಟೇ ತೂಕಕ್ಕೆ, ಅಂದರೆ ಸುಮಾರು 11.66 ಗ್ರಾಂಗೆ ಮಾಡಿದ್ದರು. ಮನೆಯಲ್ಲಿ ಹಳೆಯ ರೂಪಾಯಿ ಇದ್ದರೆ ಅದೇ ನಿಮಗೆ ತೂಕದ ಬಟ್ಟು!

ಅಜ್ಜಿಯರಲ್ಲಿ ಒಂದು ವಿನಂತಿ. ಹಬ್ಬಕ್ಕೆ ದೇವರ ಸಾಮಾನು ಬೆಳಗುವಾಗ ಇವನ್ನೂ ವಿಭೂತಿ ಹಾಕಿ ತಿಕ್ಕಬೇಡಿ. ಕಪ್ಪು ಹೋಗುತ್ತದೆ, ಜೊತೆಗೆ ಮುತ್ತುಗಳೂ ಸವೆಯುತ್ತವೆ.