ಟೋರಿಕ್ ಲೆನ್ಸಿಗೆ ದುಡ್ಡು ಕಟ್ಟುವ ಮುನ್ನ

ತುಮಕೂರು: ಬಸ್ ನಿಲ್ದಾಣದಲ್ಲಿ ‘ಕುಣಿಗಲ್’ ಬೋರ್ಡು ಎರಡೆರಡಾಗಿ ಕಾಣುವವರಿಗೆ ಕನ್ನಡಕ ಬದಲಾಯಿಸಿ ಬದಲಾಯಿಸಿ ಸಾಕಾಗಿರುತ್ತದೆ. ಅಂಗಡಿಯಲ್ಲಿ ಕೇಳಿದರೆ ‘ಸಿಲಿಂಡರ್ ಪವರ್ ಇದೆ’ ಅಂತಾರೆ. ಇರಬಹುದು. ಆದರೆ ಸಿಲಿಂಡರಿನಲ್ಲೂ ಎರಡು ಜಾತಿ ಉಂಟೆಂದು ಬಿಡಿಸಿ ಹೇಳುವವರು ಕಡಿಮೆ.

ಕಣ್ಣಿನ ಮುಂದಿನ ಗಾಜಿನಂಥ ಪಟಲ ಕಾರ್ನಿಯಾ. ಅದು ಒಂದೇ ದಿಕ್ಕಿಗೆ ಹೆಚ್ಚು ಬಾಗಿದ್ದರೆ ಕನ್ನಡಕ ಸಾಕು. ಹಳೇ ಅಲ್ಯೂಮಿನಿಯಂ ತಟ್ಟೆಯಂತೆ ಅಲ್ಲಲ್ಲಿ ನೆಗ್ಗಿದ್ದರೆ ಯಾವ ಕನ್ನಡಕವೂ ಪೂರ್ತಿ ಹೊಂದದು. ಗುಬ್ಬಿ ಕಡೆ ಕಾಯಿ ಸುಲಿಯುವಾಗ ಸಿಡಿದ ನಾರು, ಕುಣಿಗಲ್ ಕಡೆ ಕಣದಲ್ಲಿ ಹಾರಿದ ರಾಗಿ ಹೊಟ್ಟು ಕಣ್ಣಿಗೆ ಬಿದ್ದು ಹುಣ್ಣಾದರೆ, ವಾಸಿಯಾದ ಮೇಲೂ ಕಲೆ ಉಳಿಯುತ್ತದೆ. ಹರೆಯದವರಲ್ಲಿ ಪಟಲ ತೆಳುವಾಗಿ ಚೂಪಾಗುವ ಕೆರಟೋಕೋನಸ್ ಇನ್ನೊಂದು ಕಾರಣ. ಕಣ್ಣುಜ್ಜುವ ಚಟ ಅದನ್ನು ಹೆಚ್ಚಿಸುತ್ತದೆ.

ಪೇಚು ಶುರುವಾಗುವುದು ಇಂಥ ಕಣ್ಣಿಗೆ ಪೊರೆ ಬಂದಾಗ. ಉಚಿತ ಆಪರೇಷನ್ನಿನಲ್ಲಿ ಹಾಕುವ ಸಾಮಾನ್ಯ ಲೆನ್ಸು ಪೊರೆಗೆ ಸಾಕು, ನೆಗ್ಗಿದ ಪಟಲವನ್ನು ಮಾತ್ರ ಸರಿಮಾಡದು. ಆಗ ಖಾಸಗಿಯಲ್ಲಿ ದುಬಾರಿ ‘ಟೋರಿಕ್’ ಲೆನ್ಸಿನ ಮಾತು ಬರುತ್ತದೆ. ಅದು ಒಂದು ಗೆರೆ ನೋಡಿ ಕೂರಿಸಬೇಕಾದ ಲೆನ್ಸು. ಕಣ್ಣಿನಲ್ಲಿ ಗೆರೆಯೇ ನೆಟ್ಟಗಿಲ್ಲದಿದ್ದರೆ ಕೂರಿಸುವುದೆಲ್ಲಿ? ಏರದೆ ನಿಂತಿರುವ, ಅಲ್ಪಸ್ವಲ್ಪ ಕೆರಟೋಕೋನಸ್‌ಗೆ ಅದರಿಂದ ಫಲ ಸಿಗುವುದುಂಟು. ಕಲೆಯಿಂದ ಅಡ್ಡಾದಿಡ್ಡಿಯಾದ ಕಣ್ಣಿಗೆ ಬಹುಮಟ್ಟಿಗೆ ದುಡ್ಡು ದಂಡ. ಮುಂದೆ ಗಟ್ಟಿ ಕಾಂಟಾಕ್ಟ್ ಲೆನ್ಸ್ ಹಾಕಬೇಕಾಗಿ ಬಂದರಂತೂ ಒಳಗಿರುವ ಟೋರಿಕ್ಕೇ ಹೊಸ ಕಾಟ.

ಹೊಸ ದಾರಿಯೊಂದಿದೆ. ಮುಷ್ಟಿ ಮಡಚಿ, ಸಣ್ಣ ಕಿಂಡಿಯಲ್ಲಿ ನೋಡಿದರೆ ಮಸುಕು ಅಕ್ಷರವೂ ಸ್ಪಷ್ಟವಾಗುತ್ತದಲ್ಲ, ಅದೇ ಉಪಾಯ. ಬ್ರೆಜಿಲ್ಲಿನ ವೈದ್ಯ ಕ್ಲಾಡಿಯೋ ಟ್ರಿಂಡಾಡೆ ರೂಪಿಸಿದ ಎಕ್ಸ್‌ಟ್ರಾಫೋಕಸ್ ಒಂದು ಕಪ್ಪು ಬಿಲ್ಲೆ. ನಡುವೆ 1.3 ಮಿ.ಮೀ. ತೂತು. ಅಡ್ಡಾದಿಡ್ಡಿ ಕಿರಣಗಳನ್ನು ಅದು ಹೊರಗೇ ತಡೆಯುತ್ತದೆ. ಇದೇ ತತ್ತ್ವದ ಐಸಿ-8 ಲೆನ್ಸಿಗೆ 2022ರ ಜುಲೈನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಆ ಒಪ್ಪಿಗೆ 1.5 ಡಯಾಪ್ಟರ್ ಮೀರದ ಸಿಲಿಂಡರಿರುವ ಪೊರೆ ರೋಗಿಗಳಿಗೆ. ನೆಗ್ಗಿದ ಕಣ್ಣಿಗೆ ಹಾಕುವುದು ವೈದ್ಯರ ವಿವೇಚನೆಗೆ ಬಿಟ್ಟದ್ದು. ಇನ್ನು ತೂತು ಸಣ್ಣದಾದರೆ ಬೆಳಕೂ ಕಡಿಮೆ. ಸಂಜೆಗತ್ತಲಲ್ಲಿ ಬೈಕು ಓಡಿಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಮುಂದೆ ಅಕ್ಷಿಪಟಲ ಪರೀಕ್ಷೆಗೂ ಅದು ತೊಡಕಾಗಬಹುದು. ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ.

ಹಾಗಾಗಿ ದುಡ್ಡು ಕಟ್ಟುವ ಮುನ್ನ ಎರಡು ಪರೀಕ್ಷೆ ಕೇಳಿ: ಕಾರ್ನಿಯಾದ ಏರುತಗ್ಗಿನ ನಕ್ಷೆ, ಅಂದರೆ ಟೋಪೋಗ್ರಫಿ, ಗಟ್ಟಿ ಕಾಂಟಾಕ್ಟ್ ಲೆನ್ಸ್ ಇಟ್ಟು ದೃಷ್ಟಿ ನೋಡುವುದು. ಲೆನ್ಸ್ ಇಟ್ಟಾಗ ಸ್ಪಷ್ಟವಾಗಿ ಕಂಡರೆ ಕಾರ್ನಿಯಾದ ನೆಗ್ಗೇ ಮುಖ್ಯ ತೊಂದರೆ. ಇಟ್ಟರೂ ಮಸುಕೇ ಆದರೆ ಪೊರೆ, ಕಲೆಯ ದಟ್ಟಣೆ, ಒಳಗಿನ ನರ ಇತ್ಯಾದಿ ನೋಡಬೇಕು. ಗಟ್ಟಿ ಲೆನ್ಸೇ ಹೊಂದಿದವರಿಗೆ ದುಬಾರಿ ಇಂಪ್ಲಾಂಟಿನ ಅಗತ್ಯವೇ ಬೀಳದಿರಬಹುದು, ಧೂಳಿನಲ್ಲಿ ಓಡಾಡುವವರಿಗೆ ಕಿರಿಕಿರಿ ಎಂಬುದು ಬೇರೆ ಮಾತು. ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಯಂಥ ಕಡೆ ಎರಡನೇ ಅಭಿಪ್ರಾಯ ಕೇಳಿದರೆ ನಷ್ಟವಾಗುವುದು ಒಂದು ದಿನದ ವ್ಯಾಪಾರ.